ಬಿಡುವಿನ ದಿನದ ಅಂಕ

ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಮೂಡಿದ ಎರಡು ಗೆರೆಗಳನ್ನು ನೋಡಿ ನೀಲಾಂಬಿಕಾ ಹೂಗಾರ ಮೊದಲು ನಕ್ಕಳು. ಇದೇನು ತಲೆಕೆಳಗು ಎಂದುಕೊಂಡು ಲೆಕ್ಕವನ್ನು ಇನ್ನೊಮ್ಮೆ ಮಾಡಿಸಿದಳು. ಗೆರೆಗಳು ಕದಲಲಿಲ್ಲ. ಮೂರನೆಯ ಸಲವೂ ಕದಲದಿದ್ದಾಗ ಅವಳ ನಗು ನಿಂತಿತು.

ನೀಲಿ ಗೆರೆ ಮಾಮೂಲಿ ದಿನಗಳದ್ದು, ಕೆಂಪು ಗೆರೆ ಬಿಡುವಿನ ದಿನಗಳದ್ದು. ಬಿಡುವು ಸಿಕ್ಕ ದಿನ ಮನುಷ್ಯನ ದಣಿವು ಇಳಿಯಬೇಕು ತಾನೆ? ಇಲ್ಲಿ ಏರಿತ್ತು. ಅದೂ ಒಂದೆರಡು ಮನೆಗಳಲ್ಲಲ್ಲ, ಹುಬ್ಬಳ್ಳಿ ಧಾರವಾಡದ ಇನ್ನೂರ ಹನ್ನೆರಡು ಮನೆಗಳಲ್ಲಿ, ಮೂರು ತಿಂಗಳು ಬಿಡದೆ.

ಆರೈಕೆದಾರರ ಹಕ್ಕಿನ ಕಾಯ್ದೆ ಬಂದು ಆಗ ಆರು ವರ್ಷವಾಗಿತ್ತು. ಅದಕ್ಕೂ ಮುಂಚೆ ಹಾಸಿಗೆ ಹಿಡಿದವರನ್ನು ವಿಚಾರಿಸುವವರು ಇದ್ದರೇ ಹೊರತು, ಆ ಹಾಸಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವರನ್ನು ಕೇಳುವವರು ಇರಲಿಲ್ಲ. ಕೇಳಿದರೂ 'ಏನಿಲ್ಲ, ಆರಾಮ' ಎನ್ನುವ ಜನ ನಮ್ಮವರು. ಬಾಯಿ ಸುಳ್ಳು ಹೇಳಿದರೂ ಬೆವರು ಹೇಳಲಾರದು ಎಂದು ಯಾರಿಗೋ ಹೊಳೆದು ಕೈಪಟ್ಟಿ ಹುಟ್ಟಿತು. ಅಗಲ ಬಳೆಯಷ್ಟಿದ್ದ ಆ ಪಟ್ಟಿ ಬೆವರಿನಲ್ಲಿರುವ ಒತ್ತಡದ ಹಾರ್ಮೋನನ್ನು ಅಳೆಯುತ್ತಿತ್ತು, ನಾಡಿಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರವನ್ನು ನೋಡುತ್ತಿತ್ತು, ತೊಟ್ಟವರು ಎಷ್ಟು ಸಲ ಬಗ್ಗಿ ಎತ್ತಿದರು, ರಾತ್ರಿ ಎಷ್ಟು ಸಲ ಎದ್ದರು ಎಂದು ಎಣಿಸುತ್ತಿತ್ತು. ಎಲ್ಲ ಸೇರಿಸಿ ಸೊನ್ನೆಯಿಂದ ನೂರರೊಳಗೆ ಒಂದು ದಣಿವಿನ ಅಂಕ ಕೊಡುತ್ತಿತ್ತು. ಅಂಕ ಮೂರು ದಿನ ಎಪ್ಪತ್ತು ದಾಟಿದರೆ ಸರ್ಕಾರ ಆ ಮನೆಗೆ ಬಿಡುವಿನ ಸಹಾಯಕಿಯನ್ನು ಕಳಿಸಲೇಬೇಕು. ವಾರಕ್ಕೆ ಎರಡು ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ.

ಎಲ್ಲ ಚೆನ್ನಾಗಿಯೇ ಇತ್ತು, ಒಂಬತ್ತನೆಯ ಕಲಮು ಒಂದು ಬಿಟ್ಟು. ಮೂರು ತಿಂಗಳು ಸಹಾಯಕಿ ಬಂದರೂ ಅಂಕ ಇಳಿಯದಿದ್ದರೆ ರೋಗಿಯನ್ನು ಆರೈಕೆ ಭವನಕ್ಕೆ ಸಾಗಿಸತಕ್ಕದ್ದು. ಮನೆಯವರ ಒಪ್ಪಿಗೆ ಬೇಕಿಲ್ಲ. ಒಪ್ಪಿಗೆ ಕೇಳಿದರೆ ಯಾವ ತಾಯಿಯೂ ಕೊಡುವುದಿಲ್ಲ, ದುಡಿದು ದುಡಿದು ಒಂದು ದಿನ ಅವಳೇ ಬಿದ್ದುಹೋಗುತ್ತಾಳೆ ಎಂಬುದು ಕಾಯ್ದೆ ಬರೆದವರ ಕಾಳಜಿ.

ನೀಲಾ ನವನಗರದ ಆರೈಕೆ ಮಾಪನ ಕೇಂದ್ರದಲ್ಲಿ ಅಂಕಿ ಅಂಶ ನೋಡುವವಳು. ಮನೆಗಳ ಹೆಸರು ಅವಳಿಗೆ ಕಾಣುತ್ತಿರಲಿಲ್ಲ, ಸಂಖ್ಯೆ ಮಾತ್ರ. ಆದರೆ ನೂರಾ ಹದಿನೆಂಟು ಎಂಬ ಸಂಖ್ಯೆ ಉಣಕಲ್ಲಿನ ಒಂದು ಮನೆಯ ಬಾಗಿಲಿಗೆ ಬಡಿದ ತಗಡಿನ ಮೇಲಿತ್ತು, ಅದನ್ನು ಅವಳು ಪ್ರತಿ ಭಾನುವಾರ ನೋಡುತ್ತಿದ್ದಳು. ಅದು ಅವಳ ತವರು. ಅಲ್ಲಿ ಅವಳ ತಾಯಿ ಬಸಲಿಂಗವ್ವ, ಎಂಟು ವರ್ಷದ ಹಿಂದೆ ಬೈಪಾಸಿನಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಮಗ, ನೀಲಾಳ ತಮ್ಮ ಚನ್ನವೀರನನ್ನು ನೋಡಿಕೊಳ್ಳುತ್ತಿದ್ದಳು. ಚನ್ನವೀರನಿಗೆ ಮಾತು ಹೋಗಿತ್ತು. ಎರಡು ತಾಸಿಗೊಮ್ಮೆ ಅವನನ್ನು ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅವ್ವನ ಕೈಯೊಂದನ್ನು ಬಿಟ್ಟು ಬೇರೆ ಯಾರ ಕೈಯಿಂದಲೂ ಅವನು ಸರಿಯಾಗಿ ಗಂಜಿ ಕುಡಿಯುತ್ತಿರಲಿಲ್ಲ.

ತನ್ನ ಮನೆಯ ಕಡತ ತೆರೆಯುವುದು ನೌಕರರಿಗೆ ನಿಷಿದ್ಧ. ನೀಲಾ ಹಿಂದೆ ಮುಂದೆ ನೋಡಿ ತೆರೆದಳು. ನೂರಾ ಹದಿನೆಂಟು: ಮಾಮೂಲಿ ದಿನ ಎಪ್ಪತ್ತಾರು, ಬಿಡುವಿನ ದಿನ ಎಂಬತ್ತೆಂಟು. ಇನ್ನೂರ ಹನ್ನೆರಡು ಮನೆಗಳ ಯಾದಿಯಲ್ಲಿ ಮೇಲಿನಿಂದ ಏಳನೆಯದು.

"ನೋಡಿದ್ರಿಲ್ಲ?" ಬೆನ್ನ ಹಿಂದೆ ನಿರ್ದೇಶಕ ಡಾಕ್ಟರ್ ಇನಾಮದಾರರ ಧ್ವನಿ. ನೀಲಾ ಗಡಬಡಿಸಿ ಕಡತ ಮುಚ್ಚಿದಳು. "ಮನಷ್ಯಾರನ್ನ ಕಳಿಸಿದ್ರೂ ದಣಿವು ಇಳೀವಲ್ದು ಅಂದ್ರ ಆ ಮನಿಯೊಳಗಿನ ಹೊರೆ ನಮ್ಮ ಕೈ ಮೀರೇತಿ ಅಂತ ಅರ್ಥ. ಬುಧವಾರ ಸಮಿತಿ ಸಭಾ ಅದ. ಇನ್ನೂರ ಹನ್ನೆರಡೂ ಮನಿಗೆ ಒಂಬತ್ತನೇ ಕಲಮು ಹಚ್ಚಬೇಕು ಅಂತ ಬರೀರಿ."

"ಸರ್, ಕೈಪಟ್ಟಿನ ತಪ್ಪಿದ್ರ?"

"ತಪ್ಪಿದ್ರ ಹುಡುಕ್ರಿ. ಆದ್ರ ಆ ತಾಯಂದ್ರು ನಮ್ಮ ಕಣ್ಮುಂದ ಸಾಯಬಾರದು ನೋಡ್ರಿ. ನಮ್ಮವ್ವ ಹಂಗ ಹೋದ್ಲು."

ಇನಾಮದಾರರು ಕೆಟ್ಟ ಮನುಷ್ಯರಾಗಿದ್ದರೆ ನೀಲಾಗೆ ಸುಲಭವಾಗುತ್ತಿತ್ತು, ಮನಸ್ಸಿನಲ್ಲೇ ನಾಲ್ಕು ಬೈದು ಹಗುರಾಗುತ್ತಿದ್ದಳು. ಹಾಗೇನೂ ಇರಲಿಲ್ಲ. ಅವರು ನಿಜವಾಗಿಯೂ ಅವಳ ಅವ್ವನನ್ನು ಉಳಿಸಲು ಹೊರಟಿದ್ದರು, ಅದಕ್ಕಾಗಿ ಆ ಅವ್ವನ ಮಗನನ್ನೇ ಕಿತ್ತುಕೊಳ್ಳಲು ಹೊರಟಿದ್ದರು.

ಕೈಪಟ್ಟಿಗಳ ಪರೀಕ್ಷೆ ಮಾಡುವ ಇಮ್ತಿಯಾಜ್ ಮಧ್ಯಾಹ್ನದವರೆಗೆ ಕೂತು ಇಪ್ಪತ್ತು ಪಟ್ಟಿಗಳ ದಾಖಲೆಯನ್ನು ತೆರೆದು ನೋಡಿದ. ಎಲ್ಲ ಸರಿಯಾಗಿದ್ದವು. "ಪಟ್ಟಿ ಖರೇನ ಹೇಳಾಕತ್ತೇತ್ರಿ ಮೇಡಂ," ಎಂದ. "ಆ ದಿನ ಅವ್ರು ದಣದಾರ. ಯಾಕ ದಣದಾರ ಅನ್ನೂದು ಪಟ್ಟಿಗೆ ಗೊತ್ತಿಲ್ಲ."

ಸಹಾಯಕಿಯರ ವರದಿಗಳನ್ನು ತೆಗೆದು ನೋಡಿದರೆ ಅಲ್ಲಿಯೂ ಎಲ್ಲ ಚೊಕ್ಕ. ಮೈ ಒರೆಸಿದೆ, ಬಟ್ಟೆ ಬದಲಿಸಿದೆ, ಊಟ ಮಾಡಿಸಿದೆ, ಮಗ್ಗುಲು ಬದಲಿಸಿದೆ. ಎಲ್ಲದರ ಮುಂದೆ ಟಿಕ್. ಸಂಜೆ ನೀಲಾ ಅವ್ವನಿಗೆ ಫೋನ್ ಮಾಡಿದಳು. ಸಹಾಯಕಿ ದ್ರಾಕ್ಷಾಯಣಿ ಹೇಗೆ, ಕೆಲಸ ಸರಿಯಾಗಿ ಮಾಡುತ್ತಾಳೋ ಇಲ್ಲವೋ ಎಂದು ಕೇಳಿದಳು.

"ಬಂಗಾರದಂಥಾ ಹೆಣ್ಣಮಗಳವಾ. ಬಾಳ ಛಲೋ ಅದಾಳ."

"ನೀ ಹೆಂಗದಿ?"

"ನನಗೇನಾಗೇತಿ? ಆರಾಮದೀನಿ."

ಈ 'ಆರಾಮ' ಎಂಬ ಮಾತು ಕೇಳಿ ನೀಲಾಗೆ ಅಳು ಬಂದಂತಾಯಿತು. ಬಿಡುವಿನ ದಿನಗಳಾದ ಮಂಗಳವಾರ ಶುಕ್ರವಾರ ತಾನು ಒಮ್ಮೆಯೂ ತವರಿಗೆ ಹೋಗಿಲ್ಲ ಎಂಬುದು ಆಗ ಅವಳ ತಲೆಗೆ ಹೊಳೆಯಿತು. ಸಹಾಯಕಿ ಇರುತ್ತಾಳಲ್ಲ, ತಾನೇಕೆ ಎಂದು ಬಿಟ್ಟಿದ್ದಳು. ನವನಗರಕ್ಕೂ ಉಣಕಲ್ಲಿಗೂ ಎಷ್ಟು ದೂರ? ಬಸ್ಸಿನಲ್ಲಿ ಹದಿನೈದು ನಿಮಿಷ. ಹದಿನೈದು ನಿಮಿಷದ ದಾರಿಯನ್ನು ತಾನು ವಾರಕ್ಕೊಂದು ಭಾನುವಾರ ಮಾಡಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮಂಗಳವಾರ ಹೇಳದೆ ಕೇಳದೆ ಹತ್ತು ಗಂಟೆಗೆ ಹೋಗಿ ನಿಂತಳು.

ಅಂಗಳ ತೊಳೆದು ದೊಡ್ಡ ರಂಗೋಲಿ ಹಾಕಿತ್ತು. ಪಡಸಾಲೆಯ ಫರಸಿ ನೆಲ ಇನ್ನೂ ಹಸಿಯಾಗಿತ್ತು. ಒಳಗಿನಿಂದ ಶೇಂಗಾ ಹೋಳಿಗೆಯ ವಾಸನೆ ಬರುತ್ತಿತ್ತು. ಇವತ್ತು ಯಾವ ಹಬ್ಬ ಎಂದು ನೀಲಾ ಒಂದು ಕ್ಷಣ ತಬ್ಬಿಬ್ಬಾದಳು. ಚನ್ನವೀರನ ಕೋಣೆಗೆ ಬಂದು ನೋಡಿದರೆ ಅವನಿಗೆ ಸ್ನಾನವಾಗಿ, ಗಡ್ಡ ತೆಗೆದು, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿಯಾಗಿತ್ತು. ಹಾಸಿಗೆಯ ಮೇಲಿನ ಚಾದರ ಹೊಸದು, ಮಡಿಕೆಯ ಗುರುತು ಇನ್ನೂ ಹೋಗಿರಲಿಲ್ಲ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬಳೇ ಅವನ ತೋಳಿನ ಕೆಳಗೆ ಕೈ ಹಾಕಿ ಮಗ್ಗುಲು ಬದಲಿಸುತ್ತಿದ್ದಳು. ಮುಖವೆಲ್ಲ ಬೆವರು. ಪಕ್ಕದಲ್ಲಿ ಕುರ್ಚಿಯ ಮೇಲೆ ಸರ್ಕಾರದ ಹಸಿರು ಸೀರೆಯುಟ್ಟ ಹೆಂಗಸೊಬ್ಬಳು ಕೈಯಲ್ಲಿ ಹೋಳಿಗೆಯ ತಾಟು ಹಿಡಿದು, ತಿನ್ನಲೂ ಆಗದೆ ಇಡಲೂ ಆಗದೆ ಕೂತಿದ್ದಳು. ನೀಲಾಳನ್ನು ಕಂಡು ಸಿಕ್ಕಿಬಿದ್ದ ಕಳ್ಳಿಯಂತೆ ಎದ್ದು ನಿಂತಳು.

"ಯಾಕವಾ, ಇಷ್ಟೊತ್ತಿನ್ಯಾಗ ಬಂದಿ? ಆರಾಮಿಲ್ಲೇನು?" ಎಂದಳು ಬಸಲಿಂಗವ್ವ, ತಾನೇ ಏದುಸಿರು ಬಿಡುತ್ತ.

ನೀಲಾ ಅವ್ವನ ಕೈ ಹಿಡಿದು ಪಟ್ಟಿಯನ್ನು ತಿರುಗಿಸಿ ನೋಡಿದಳು. ತೊಂಬತ್ತೊಂದು.

"ಮುಂಜಾನೆ ಎಷ್ಟಕ್ಕ ಎದ್ದಿ?"

"ಮೂರೂವರಿಗೆ."

"ದಿನಾ ಮೂರೂವರಿಗೆ ಏಳ್ತೀಯೇನು?"

"ದಿನಾ ಯಾಕ ಏಳ್ಲಿ? ಇವತ್ತ ಮಂಗಳವಾರ ಅಲ್ಲೇನು? ಮನಿಗೆ ಮಂದಿ ಬರ್ತಾರ. ಇಂವನ್ನ ಹೊಲಸಿನ್ಯಾಗ ತೋರಸಬೇಕೇನು ಅಕಿಗೆ?"

ನೀಲಾ ದ್ರಾಕ್ಷಾಯಣಿಯ ಕಡೆ ತಿರುಗಿದಳು. ಅವಳ ಕಣ್ಣಲ್ಲಾಗಲೇ ನೀರು ತುಂಬಿತ್ತು. "ಅವ್ವಾರು ನನ್ನ ಕೈಗೆ ಒಂದ ಕೆಲಸಾ ಕೊಡಂಗಿಲ್ಲರಿ ಮೇಡಂ. ನಾ ಬರೂದ್ರಾಗ ಎಲ್ಲಾ ಮಾಡಿ ಮುಗಿಸಿರ್ತಾರ. ಉಳದದ್ದು ನಾ ಮಾಡಾಕ ಹ್ವಾದ್ರ ಕೈ ಹಿಡದು ಕುಂಡ್ರಸ್ತಾರ. ಚಾ ಕುಡಿ, ಉಣ್ಣು ಅಂತಾರ. ಹೋಗೂಮುಂದ ಕುಬಸಕ್ಕಂತ ಕಣದ ಬಟ್ಟಿ ಕೊಡ್ತಾರ. ನನ್ನ ಮನ್ಯಾಗ ಇಪ್ಪತ್ತನಾಕ ಕಣ ಕೂಡ್ಯಾವ್ರಿ."

"ಮತ್ತ ವರದಿಯೊಳಗ ಎಲ್ಲಾ ನೀವ ಮಾಡೀರಿ ಅಂತ ಟಿಕ್ ಹಾಕೀರಲ್ಲ?"

"ಇಲ್ಲಾಂದ್ರ ಮನಿಯವರ ಅಸಹಕಾರ ಅಂತ ಬರದು ಬಿಡುವಿನ ಯಾದ್ಯಾಗಿಂದ ಇವರ ಹೆಸರ ತಗೀತಾರ್ರಿ. ಇರೂ ಬಿಡುವೂ ಹೋಗಬಾರದಲ್ಲ ಅಂತ... ನಾ ಹೋಗೂ ಮೂರೂ ಮನ್ಯಾಗ ಹಿಂಗ ಐತ್ರಿ. ಒಂದ ಮನ್ಯಾಗಂತೂ ನಾ ಬರ್ತೀನಂತ ಗ್ವಾಡಿಗೆ ಸುಣ್ಣಾ ಹಚ್ಚಸ್ಯಾರ."

ನೀಲಾ ಅಲ್ಲೇ ನೆಲದ ಮೇಲೆ ಕೂತಳು. ಆರು ವರ್ಷ, ಅಷ್ಟು ದೊಡ್ಡ ಕೇಂದ್ರ, ಅಷ್ಟೆಲ್ಲ ಯಂತ್ರ. ಬಿಡುವು ಕೊಡಲು ಹೋದವಳು ನಮ್ಮ ಮನೆಗಳಲ್ಲಿ ಅತಿಥಿಯಾಗಿಬಿಡುತ್ತಾಳೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಹೋಳಿಗೆ ಲಟ್ಟಿಸಿ ದಣಿದದ್ದೋ ಮಗನನ್ನು ಎತ್ತಿ ದಣಿದದ್ದೋ, ಬೆವರಿಗೆ ಎರಡೂ ಒಂದೇ. ಹೀಗೆ ಹೋಳಿಗೆ ತಿನ್ನಿಸಿ ತಿನ್ನಿಸಿ ಅವ್ವ ತನ್ನ ಮಗನನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಳು.

ಆ ಸಂಕಟ ಸಿಟ್ಟಾಗಿ ಬಾಯಿಗೆ ಬಂತು. "ಅವ್ವಾ, ನಿನ್ನ ಈ ಮರ್ಯಾದಿ ಸುಡ್ಲಿ! ಈ ಅಂಕ ಹಿಂಗ ಇದ್ರ ಹದಿನೈದ ದಿನದಾಗ ಚನ್ನೂನ್ನ ಗಾಡ್ಯಾಗ ಹಾಕ್ಕೊಂಡು ಭವನಕ್ಕ ಒಯ್ತಾರ. ನೀ ಬ್ಯಾಡಂದ್ರೂ ಒಯ್ತಾರ. ನಾನ ಆ ಯಾದಿ ಬರೀಬೇಕು, ಗೊತ್ತೈತೇನು?"

ಬಸಲಿಂಗವ್ವನ ಮುಖ ಬಿಳಿಚಿತು. ಮಗನ ಕಾಲ ಬಳಿ ಹಾಸಿಗೆಯ ಅಂಚಿಗೆ ಕೂತಳು. ಬಹಳ ಹೊತ್ತು ಚಾದರದ ಮಡಿಕೆಯನ್ನು ಬೆರಳಿನಿಂದ ತೀಡುತ್ತಿದ್ದಳು.

"ಮರ್ಯಾದಿ ಅಲ್ಲವಾ," ಎಂದಳು ಕಡೆಗೆ. "ನಾ ಹೆತ್ತಾಕಿ, ನನಗ ಹೇಸಿಗಿ ಇಲ್ಲ. ಬ್ಯಾರೆ ಹೆಣ್ಣಮಗಳು ಬಂದು ಇಂವನ ಹೊಲಸ ತಗಿಯೂಮುಂದ ಮೂಗ ಮುಚ್ಚಿಕೊಂಡ್ರ? ಇಂವಗ ಮಾತಿಲ್ಲ, ಆದ್ರ ಕಣ್ಣ ಅದಾವ. ನೋಡ್ತಾನ. ಅಕಿ ಮುಖಾ ಸಿಂಡರಿಸಿದ್ದು ಇಂವಗ ಕಂಡ್ರ ನಾ ಏನ ಮಾಡ್ಲಿ?"

ಚನ್ನವೀರ ಜಂತಿಯನ್ನೇ ನೋಡುತ್ತಿದ್ದ. ದ್ರಾಕ್ಷಾಯಣಿ ತಾಟನ್ನು ಕುರ್ಚಿಯ ಮೇಲಿಟ್ಟು, ಬಾಗಿಲಿನಾಚೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿದಳು.

"ಅವ್ವಾರ, ನಮ್ಮ ಮನಿ ಸುದ್ದಿ ನಿಮ್ಮ ಮುಂದ ಹೇಳಬಾರದು ಅಂತ ನಿಯಮ ಐತ್ರಿ. ಹೇಳಿದ್ರ ಕೆಲಸಾ ಹೋಗ್ತೈತಿ. ನಮ್ಮತ್ತಿ ಹಾಸಿಗಿ ಹಿಡದು ಆರ ವರ್ಷಾತು. ಇವತ್ತ ಮುಂಜಾನೆ ಅಕಿನ್ನ ತೊಳದು, ಬಟ್ಟಿ ಬದಲಿಸಿ, ಗಂಜಿ ಕುಡಿಸಿ ಬಂದೀನ್ರಿ. ನನಗ್ಯಾವ ಹೇಸಿಗೀರಿ?"

ಬಸಲಿಂಗವ್ವ ತಲೆಯೆತ್ತಿ ಅವಳನ್ನು ಮೊದಲ ಸಲ ನೋಡುವಂತೆ ನೋಡಿದಳು. "ಈಗ ಅಕಿ ಹಂತೇಕ ಯಾರದಾರ?"

"ಬಾಜೂಮನಿಯಾಕಿ ನಡುನಡುವ ಹೋಗಿ ನೋಡ್ತಾಳ್ರಿ. ನನಗ ಪಗಾರದ ಕೆಲಸಾ ಐತೆಲ್ಲಾ, ಅದಕ್ಕ ನನಗ ಕೈಪಟ್ಟಿ ಬರಂಗಿಲ್ಲ. ಕಾಯ್ದೇದಾಗ ಇಲ್ಲಂತ."

"ಅಯ್ಯ ಶಿವನ!" ಎಂದಳು ಬಸಲಿಂಗವ್ವ. ಹನ್ನೆರಡು ವಾರ ಕೈ ಹಿಡಿದು ಕೂಡಿಸಿ ಹೋಳಿಗೆ ಬಡಿಸಿದ್ದ ಹೆಂಗಸು, ಈಗ ಆ ಕೈಯನ್ನು ತಿರುವಿ ಅಂಗೈ ನೋಡಿದಳು. ಸಾಬೂನು ನೀರಿನಲ್ಲಿ ಬಿರುಕು ಬಿಟ್ಟ ಅಂಗೈ, ಅವಳದೇ ಅಂಗೈಯ ಹಾಗೆ.

ಬುಧವಾರದ ಸಭೆಯಲ್ಲಿ ಸಮಿತಿಯವರು ಬೆಂಗಳೂರಿನಿಂದ ಪರದೆಯ ಮೇಲೆ ಬಂದರು. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡುವ ಹಿರಿಯ ಹೆಂಗಸು. ನೀಲಾ ತಾನು ಬರೆಯಬೇಕಾಗಿದ್ದ ಯಾದಿಯನ್ನು ತಂದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು.

"ಹೋಳಿಗೆ?" ಎಂದರು ಅಧ್ಯಕ್ಷೆ.

"ಹೌದು ಮೇಡಂ. ಸಹಾಯಕಿಯನ್ನು ಅವರು ಅತಿಥಿ ಅಂದುಕೊಂಡಿದ್ದಾರೆ. ಕೆಲಸಕ್ಕೆ ಹಚ್ಚಲು ಸಂಕೋಚ, ರೋಗಿಯನ್ನು ಮುಟ್ಟಿಸಲು ಹೆದರಿಕೆ. ಆ ಸಹಾಯಕಿಯೂ ತಮ್ಮ ಹಾಗೆಯೇ ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುವವಳು ಅಂತ ಗೊತ್ತಾದರೆ ಬಿಟ್ಟುಕೊಡುತ್ತಾರೆ. ಸ್ವಂತ ವಿಷಯ ಹೇಳಬಾರದು ಅನ್ನುವ ನಮ್ಮ ನಿಯಮವೇ ಅಡ್ಡ ನಿಂತಿದೆ."

"ಇದು ನಿಮಗೆ ಹೇಗೆ ಗೊತ್ತಾಯಿತು? ಮನೆಗಳ ವಿಳಾಸ ನಿಮಗೆ ಕಾಣುವುದಿಲ್ಲವಲ್ಲ?"

ಇನಾಮದಾರರು ಅವಳ ಕಡೆ ತಿರುಗಿದರು. ಸುಳ್ಳು ಹೇಳಬಹುದಿತ್ತು, ನಾಲ್ಕು ಸುಳ್ಳು ಆಗಲೇ ಬಾಯ ತುದಿಗೆ ಬಂದಿದ್ದವು. "ನೂರಾ ಹದಿನೆಂಟು ನಮ್ಮವ್ವನ ಮನೆ ಮೇಡಂ," ಎಂದಳು ನೀಲಾ. "ಕಡತವನ್ನೂ ತೆರೆದು ನೋಡಿದ್ದೇನೆ."

ಅರ್ಧ ತಾಸು ಬಾಗಿಲ ಹೊರಗೆ ಕೂಡಿಸಿ ಆಮೇಲೆ ಒಳಗೆ ಕರೆದರು. ತೀರ್ಮಾನ ಎರಡು. ವಿಚಾರಣೆ ಮುಗಿಯುವವರೆಗೆ ಅವಳು ಪರದೆಯ ಮುಂದೆ ಕೂರುವಂತಿಲ್ಲ. ಇನ್ನು, ಆ ಒಂದು ಮನೆಗೆ ಒಂದು ದಿನದ ಮಟ್ಟಿಗೆ ನಿಯಮ ಸಡಿಲ. "ಶುಕ್ರವಾರ ನೋಡೋಣ ನೀಲಾಂಬಿಕಾ ಅವರೇ. ದಿನದ ಅಂಕ ಎಪ್ಪತ್ತರ ಕೆಳಗೆ ಬಂದರೆ ಯಾದಿಯನ್ನು ತಡೆಹಿಡಿದು, ನಿಯಮವನ್ನೇ ಮತ್ತೆ ಯೋಚಿಸುತ್ತೇವೆ. ಬರದಿದ್ದರೆ ಒಂಬತ್ತನೆಯ ಕಲಮು. ನಿಮ್ಮ ತಾಯಿಗೂ ಸೇರಿ. ದಾಖಲೆ ಮಾತ್ರ ಸ್ವಚ್ಛವಾಗಿರಬೇಕು, ಪಟ್ಟಿ ಕೆಟ್ಟಿತ್ತು, ಬಿಚ್ಚಿಟ್ಟಿದ್ದರು ಅನ್ನುವ ಕಥೆ ಬೇಡ."

ಗುರುವಾರ ನೀಲಾಗೆ ಅನ್ನ ಸೇರಲಿಲ್ಲ. ಅವ್ವನಿಗೆ ಹತ್ತು ಸಲ ಫೋನ್ ಮಾಡಿ, ನಾಳೆ ಬೇಗ ಏಳಬೇಡ, ಒಲೆ ಹಚ್ಚಬೇಡ ಎಂದಳು. ಹನ್ನೊಂದನೆಯ ಸಲ ಅವ್ವ, "ನೀ ಹಿಂಗ ಫೋನ್ ಮಾಡಿ ಮಾಡೇ ನನ್ನ ಅಂಕ ಏರಸ್ತೀ ನೋಡು," ಎಂದು ಬೈದು ಇಟ್ಟಳು.

ಶುಕ್ರವಾರ ಅವಳು ಕೇಂದ್ರದ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಒಳಗೆ ಹೋಗುವಂತಿರಲಿಲ್ಲ, ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಇಮ್ತಿಯಾಜ್ ಗಂಟೆಗೊಮ್ಮೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಬರುತ್ತಿದ್ದ.

ಹತ್ತು ಗಂಟೆಗೆ, "ಎಪ್ಪತ್ತಮೂರು." ಅವ್ವ ತಡೆಯಲಾರದೆ ಏನೋ ಮಾಡಿದ್ದಾಳೆ.

ಹನ್ನೊಂದಕ್ಕೆ, "ಅರವತ್ತು." ಹನ್ನೆರಡಕ್ಕೆ, "ನಲವತ್ತೊಂಬತ್ತರಿ ಮೇಡಂ! ಇಷ್ಟ ಕೆಳಗ ನಾ ಈ ಮನೀದು ಕಂಡಿಲ್ಲ." ಒಂದು ಗಂಟೆಗೆ ಮೂವತ್ತೊಂದು. ನೀಲಾ ಆಗ ಮೊದಲ ಸಲ ಬೆನ್ನನ್ನು ಗೋಡೆಗೆ ಆನಿಸಿದಳು.

ಒಂದೂ ನಲವತ್ತಕ್ಕೆ ಇಮ್ತಿಯಾಜ್ ಓಡಿ ಬಂದ. ನೀರಿನ ನೆಪ ಮಾಡಲಿಲ್ಲ. "ಹದಿನೇಳಾಗೇತ್ರಿ. ಕೆಂಪ ದೀಪ ಹತ್ತೇತಿ. ತುರ್ತು ಗಾಡಿ ಬಿಟ್ಟಾರ."

"ಹದಿನೇಳಂದ್ರ ಛಲೋ ಅಲ್ಲೇನು?"

"ಇಪ್ಪತ್ತರ ಕೆಳಗ ನೆಟ್ಟಗಿದ್ದ ಮನಷ್ಯಾರ್ದು ಬರಂಗಿಲ್ಲಂತ ಯಂತ್ರದ ಲೆಕ್ಕರಿ. ಅದಕ್ಕ ಕಲಿಸೂಮುಂದ ನಾಕ ಸಾವಿರ ಆರೈಕೆದಾರ್ರ ಎರಡು ವರ್ಷದ ದಾಖಲೆ ಕೊಟ್ಟಿದ್ವಿ. ಅದರಾಗ ಎಲ್ಲಾಕ್ಕಿಂತ ಕಡಿಮಿ ಇಪ್ಪತ್ತೆರಡು. ಇಪ್ಪತ್ತರ ಕೆಳಗ ಹ್ವಾದ್ರ ನಾಕ ಕಾರಣ ಅಷ್ಟ. ಪಟ್ಟಿ ಕಳಚೇತಿ, ಪಟ್ಟಿ ಕೆಟ್ಟೈತಿ, ಎಚ್ಚರ ತಪ್ಪೇತಿ, ಇಲ್ಲಾ..." ನಾಲ್ಕನೆಯದನ್ನು ಅವನು ಹೇಳಲಿಲ್ಲ.

ನೀಲಾ ಅವ್ವನಿಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ದ್ರಾಕ್ಷಾಯಣಿಯದೂ ಅಷ್ಟೇ. ಎಂಟು ವರ್ಷದಲ್ಲಿ ಅವ್ವ ಎರಡನೆಯ ರಿಂಗಿಗೆ ಫೋನ್ ಎತ್ತದ ದಿನವಿರಲಿಲ್ಲ.

ಇಮ್ತಿಯಾಜನ ಬೈಕಿನ ಹಿಂದೆ ಕೂತು ಹೇಗೆ ಹೋದಳೋ ಅವಳಿಗೇ ತಿಳಿಯಲಿಲ್ಲ. ದಾರಿಯುದ್ದಕ್ಕೂ ತಾನೇ ಅವ್ವನನ್ನು ಕೊಂದೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಎಂಟು ವರ್ಷ ಗಾಣದಂತೆ ತಿರುಗಿದ ಜೀವವನ್ನು ಒಮ್ಮೆಲೇ ನಿಲ್ಲಿಸಿಬಿಟ್ಟೆ, ಎದೆ ತಡೆದುಕೊಳ್ಳಲಿಲ್ಲ. ಸುಮ್ಮನೆ ಹೋಳಿಗೆ ಮಾಡಿಕೊಂಡಿರಲಿ ಎಂದು ಬಿಡಬಾರದಿತ್ತೆ? ಉಣಕಲ್ಲಿನ ತಿರುವಿನಲ್ಲಿ ತುರ್ತು ಗಾಡಿಯ ಸದ್ದು ಕೇಳಿದಾಗ ಅವಳು ದೇವರಲ್ಲಿ ಮೂರನೆಯ ಕಾರಣವನ್ನಾದರೂ ಕೊಡು ಎಂದು ಬೇಡಿಕೊಂಡಳು.

ಗಾಡಿಯ ಡಾಕ್ಟರ್ ಆಗಲೇ ಬಾಗಿಲು ಬಡಿಯುತ್ತಿದ್ದಳು. ಕಟ್ಟೆಯ ಮೇಲೆ ಅಕ್ಕಪಕ್ಕದ ನಾಲ್ಕು ಜನ ನೆರೆದಿದ್ದರು. ಬಾಗಿಲು ತೆರೆಯಿತು. ದ್ರಾಕ್ಷಾಯಣಿ ಸೆರಗಿಗೆ ಒದ್ದೆ ಕೈ ಒರೆಸುತ್ತ ನಿಂತಿದ್ದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ, ಸಿಟ್ಟಿತ್ತು.

"ಯಾರ್ರಿ ಅದು ಹಂಗ ಬಾಗಲಾ ಬಡ್ಯಾವ್ರು? ಆ ಗಾಡಿ ಒದರೂದು ಬಂದ್ ಮಾಡ್ರಿ ಮೊದಲು!"

"ಅವ್ವ ಎಲ್ಲಿ?" ಎಂದಳು ನೀಲಾ.

ದ್ರಾಕ್ಷಾಯಣಿ ತುಟಿಯ ಮೇಲೆ ಬೆರಳಿಟ್ಟು ನಡುಮನೆಯ ಕಡೆ ತೋರಿಸಿದಳು.

ಫ್ಯಾನಿನ ಕೆಳಗೆ ಜಮಖಾನೆಯ ಮೇಲೆ ಬಸಲಿಂಗವ್ವ ಅಂಗಾತ ಬಿದ್ದಿದ್ದಳು. ಬಾಯಿ ತೆರೆದಿತ್ತು. ಒಂದು ಕೈ ತಲೆಯ ಮೇಲಕ್ಕೆ, ಒಂದು ಕೈ ನೆಲದ ಮೇಲೆ. ಡಾಕ್ಟರ್ ನೀಲಾಳನ್ನು ದಾಟಿ ಮೊಣಕಾಲೂರಿ ಕೂತು, ಮುಂಗೈ ಹಿಡಿದು, ಗಡಿಯಾರ ನೋಡಿದಳು. ಒಂದು ನಿಮಿಷ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಬಸಲಿಂಗವ್ವ ಗೊರಕೆ ಹೊಡೆದಳು.

ಡಾಕ್ಟರ್ ಮೆಲ್ಲಗೆ ಕೈಬಿಟ್ಟಳು. "ಮಲಗ್ಯಾರ," ಎಂದಳು, ತನಗೇ ನಂಬಿಕೆ ಬಾರದವಳಂತೆ.

"ಮತ್ತೇನ್ರಿ?" ದ್ರಾಕ್ಷಾಯಣಿ ಪಿಸುಗುಟ್ಟಿದಳು. "ಮುಂಜಾನೆ ನಾ ಚನ್ನಪ್ಪನ್ನ ತೊಳಿಯೂಮುಂದ ಬಾಗಲದಾಗ ನಿಂತು ನೋಡಿದ್ರು. ನನ್ನ ಮುಖಾನ ನೋಡಿದ್ರು, ಕೆಲಸಾ ನೋಡ್ಲಿಲ್ಲ. ಆಮ್ಯಾಲೆ 'ಒಂದೀಟು ಅಡ್ಡಾಗ್ತೀನಿ ತಂಗಿ' ಅಂದ್ರು. ಎರಡ ಸಲ ತಿರುವಿ ಮಲಗಿಸೀನಿ ಅಂವನ್ನ, ಗಂಜಿ ಕುಡದಾನ. ನಾನ ಇಬ್ಬರದೂ ಫೋನ್ ದನಿ ಬಂದ್ ಮಾಡಿಟ್ಟೀನ್ರಿ, ಏಳಬಾರದು ಅಂತ."

ಡಾಕ್ಟರ್ ಚೀಲದಿಂದ ನಮೂನೆಯೊಂದನ್ನು ತೆಗೆದಳು. ಕರೆ ಬಂದ ಮೇಲೆ ಮನೆಯವರ ಹೇಳಿಕೆ ಬರೆಸಿಕೊಳ್ಳದೆ ಹೋಗುವಂತಿರಲಿಲ್ಲ. ಅಂಕ ಇಪ್ಪತ್ತಕ್ಕಿಂತ ಕೆಳಗಿಳಿದ ಕಾರಣಕ್ಕೆ ಗುರುತು ಹಾಕಿ ಎಂದು ನಾಲ್ಕು ಚೌಕಗಳಿದ್ದವು. ಇಮ್ತಿಯಾಜ್ ಹೇಳಿದ್ದ ಅವೇ ನಾಲ್ಕು. ನೀಲಾ ಪೆನ್ನು ಹಿಡಿದು ನಿಂತಳು. ಮೊದಲ ಎರಡಕ್ಕೆ ಗುರುತು ಹಾಕಿದರೆ ದಿನದ ದಾಖಲೆಯೇ ರದ್ದು. ಮೂರನೆಯದಕ್ಕೆ ಹಾಕಿದರೆ ಒಂಬತ್ತನೆಯ ಕಲಮು ತಾನಾಗಿಯೇ ಬಂದು ಬೀಳುತ್ತದೆ. ಯಾವುದಕ್ಕೂ ಹಾಕದಿದ್ದರೆ ನಮೂನೆ ಅಪೂರ್ಣ, ಅದೂ ರದ್ದು.

ನಾಲ್ಕು ಸಾವಿರ ಜನ, ಎರಡು ವರ್ಷ. ಅವರಲ್ಲಿ ಒಬ್ಬರೂ, ಒಂದು ಮಧ್ಯಾಹ್ನವೂ, ನೆಮ್ಮದಿಯಿಂದ ನಿದ್ದೆ ಮಾಡಿರಲಿಲ್ಲ. ಅಂಥ ನಿದ್ದೆ ಇರುತ್ತದೆ ಎಂದು ಯಂತ್ರಕ್ಕೆ ಯಾರು ಕಲಿಸಬೇಕಿತ್ತು? ಕಲಿಸಿದವರಲ್ಲಿ ಒಬ್ಬಳಾದ ತಾನು ಪ್ರತಿ ಭಾನುವಾರ ಈ ಮನೆಗೆ ಬಂದು ಉಂಡು ಹೋಗುತ್ತಿದ್ದೆ ಎಂದು ನೆನೆದು ನೀಲಾಗೆ ಕಣ್ಣು ಮಂಜಾಯಿತು.

ನಾಲ್ಕನೆಯ ಚೌಕದ ಕೆಳಗೆ, ಅಂಚಿನ ಖಾಲಿ ಜಾಗದಲ್ಲಿ, ಅವಳು ಪೆನ್ನನ್ನು ಒತ್ತಿ ಇನ್ನೊಂದು ಚೌಕ ಬರೆದು ಗುರುತು ಹಾಕಿದಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಬರೆದು ಕಾಗದವನ್ನು ಡಾಕ್ಟರಿಗೆ ಕೊಟ್ಟಳು. ಇದನ್ನು ಅವರು ಒಪ್ಪುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರ್ ಓದಿದಳು. ಒಮ್ಮೆ ಜಮಖಾನೆಯ ಕಡೆ ನೋಡಿದಳು. ಆಮೇಲೆ ಅದರ ಕೆಳಗೆ 'ನಾಡಿ ಐವತ್ತೆಂಟು, ಉಸಿರಾಟ ಸರಿಯಿದೆ, ಕೈಪಟ್ಟಿ ಸರಿಯಿದೆ, ಖುದ್ದು ನೋಡಿದ್ದೇನೆ' ಎಂದು ಸೇರಿಸಿ, ವೇಳೆ ಹಾಕಿ ಸಹಿ ಮಾಡಿದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲು ದಾಟಿದಳು.

ನೀಲಾ ಬರೆದದ್ದು ಇಷ್ಟು: 'ಕಾರಣ ಐದು. ಅವ್ವ ಮಲಗಿದ್ದಾಳೆ.'